ಮೇಲಿನ ಬೀದಿಯ ನಲವತ್ತು ನಿಮಿಷ

ಫೋನಕ್ಕನ ಬಗ್ಗೆ ಬರೆಯಲು ಕೂತಾಗಲೆಲ್ಲ ನನಗೆ ಮೊದಲು ಸಿಟ್ಟು ಬರುತ್ತದೆ, ಆಮೇಲೆ ಮಾತು ಬರುತ್ತದೆ. ಸಿಟ್ಟು ಅವಳ ಮೇಲಲ್ಲ. ಅರ್ಧ ನಮ್ಮ ದೊಡ್ಡ ಸಾಹೇಬರ ಮೇಲೆ, ಉಳಿದರ್ಧ ನನ್ನ ಮೇಲೆ. ಸಾಹೇಬರು ಕೆಟ್ಟವರಲ್ಲ ಎಂದು ಇವತ್ತಿಗೂ ನಮ್ಮ ಆಫೀಸಿನಲ್ಲಿ ಹೇಳುವವರಿದ್ದಾರೆ. ಯಾರಿಗೂ ಗದರಿದವರಲ್ಲ, ಜವಾನನನ್ನೂ ಬಹುವಚನದಲ್ಲೇ ಮಾತಾಡಿಸುತ್ತಾರೆ ಎನ್ನುತ್ತಾರೆ. ನಿಜ. ಬಹುವಚನದಲ್ಲೇ ಒಂದು ಇಡೀ ಬೀದಿಯ ನೀರು ನಿಲ್ಲಿಸಿದರು.

ನಮ್ಮದು ಊರಿಗೆ ನೀರು ಬಿಡುವ ಆಫೀಸು. ಕೆಳಗಿನ ಮಹಡಿಯಲ್ಲಿ ದೂರು ತೆಗೆದುಕೊಳ್ಳುವ ಫೋನು ಕೋಣೆ, ಅದರ ಹಿಂದೆ ಪಂಪುಗಳ ಅಂಗಳ. ಮೇಲಿನ ಮಹಡಿಯಲ್ಲಿ ಸಾಹೇಬರ ಕೋಣೆ, ಸಭೆಯ ಕೋಣೆ, ನಡುವೆ ಕಿಟಕಿಯಿಲ್ಲದ ಒಂದು ಗೂಡಿನಲ್ಲಿ ನಾನು. ನನ್ನ ಕೆಲಸ ಗ್ರಾಫು ಮಾಡುವುದು. ಯಾವ ಬೀದಿಗೆ ಎಷ್ಟು ಹೊತ್ತು ನೀರು ಹೋಯಿತು, ಎಷ್ಟು ದೂರು ಬಂತು ಎನ್ನುವುದನ್ನೆಲ್ಲ ಕಂಬಗಳಾಗಿ, ಗೆರೆಗಳಾಗಿ ಪರದೆಯ ಮೇಲೆ ತೋರಿಸುವುದು. ಫೋನಕ್ಕ ನನ್ನನ್ನು ‘ಗ್ರಾಫ್ ಮೇಷ್ಟ್ರು’ ಎಂದು ಕರೆಯುತ್ತಿದ್ದಳು. ನನಗಿಂತ ಹನ್ನೆರಡು ವರ್ಷ ದೊಡ್ಡವಳು. ನಾನು ಹೊಸದಾಗಿ ಸೇರಿದಾಗ ‘ನೀವು’ ಎಂದು ಮಾತಾಡಿಸಿದ್ದಕ್ಕೆ, “ಆ ಬಹುವಚನ ಎಲ್ಲ ಮೇಲಿನ ಮಹಡಿಗೆ ಇಟ್ಕೊ. ಅಕ್ಕ ಅಂದ್ಮೇಲೆ ನೀನು ಅನ್ನು” ಎಂದು ಅಪ್ಪಣೆ ಮಾಡಿದ್ದಳು.

ಹತ್ತೊಂಬತ್ತು ವರ್ಷ ಅವಳು ಅದೇ ಕುರ್ಚಿಯಲ್ಲಿ ಕೂತು ಊರಿನ ಬೈಗುಳ ಕೇಳಿದವಳು. ಕುರ್ಚಿಯ ಮೇಲೊಂದು ದಿಂಬು. ಗಂಡ ದರ್ಜಿ, ಅಂಗಡಿಯಲ್ಲಿ ಉಳಿದ ಚಿಂದಿಗಳನ್ನೇ ಸೇರಿಸಿ ಹೊಲಿದುಕೊಟ್ಟದ್ದು. ಬೆಳಿಗ್ಗೆ ಆರರಿಂದ ಮಧ್ಯಾಹ್ನ ಎರಡರವರೆಗೆ ಅವಳ ಪಾಳಿ. ಫೋನು ಎತ್ತಿದ ಕೂಡಲೆ ವಿಳಾಸ ಕೇಳುವ ಅಭ್ಯಾಸ ಅವಳಿಗಿರಲಿಲ್ಲ. “ಮೊದ್ಲು ಬೈದು ಮುಗಿಸ್ಲಿ. ಹೊಟ್ಟೆಯಲ್ಲಿ ಉರಿ ಇಟ್ಕೊಂಡೋರು ಮನೆ ನಂಬರ್ ಸರಿಯಾಗಿ ಹೇಳಲ್ಲ” ಎನ್ನುತ್ತಿದ್ದಳು. ಬೈದು ಮುಗಿಸಿದ ಮೇಲೆ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ. “ನಲ್ಲಿ ತಿರುಗಿಸಿ ನೋಡಿದ್ರಾ? ಗಾಳಿ ಬರ್ತಾ ಇದೆಯಾ?” ನಲ್ಲಿಯಲ್ಲಿ ಬುಸ್ ಎಂದು ಗಾಳಿ ಬರುತ್ತಿದ್ದರೆ ಹಿಂದೆಯೇ ನೀರು ಬರುತ್ತಿದೆ ಎಂದರ್ಥ, ಗಾಳಿಯೂ ಇಲ್ಲದಿದ್ದರೆ ನೀರು ಇನ್ನೂ ದಾರಿಯಲ್ಲೇ ಎಲ್ಲೋ ಇದೆ. ಈ ಒಂದು ಪ್ರಶ್ನೆಯಿಂದ ಅವಳು ಹೇಳುತ್ತಿದ್ದ ಅಂದಾಜು ಐದು ನಿಮಿಷ ಆಚೆ ಈಚೆ ಆಗುತ್ತಿರಲಿಲ್ಲ. ಎಂಜಿನಿಯರಿಂಗ್ ಓದಿದವರು ಮಹಡಿಯ ಮೇಲಿದ್ದರು. ನೀರಿನ ನಡೆ ಗೊತ್ತಿದ್ದವಳು ಕೆಳಗಿದ್ದಳು.

ಅವಳ ಮನೆ ಇದ್ದದ್ದು ಮೇಲಿನ ಬೀದಿಯಲ್ಲಿ. ಗುಡ್ಡದ ಇಳಿಜಾರಿಗೆ ಅಂಟಿಕೊಂಡ ಹನ್ನೊಂದು ಬೀದಿಗಳಲ್ಲಿ ಅದೇ ಕೊನೆಯದು. ತೊಂಬತ್ತಾರು ಮೆಟ್ಟಿಲು ಹತ್ತಬೇಕು. ಹಿಂದಿನಿಂದ ಸುತ್ತು ಬಳಸಿ ಒಂದು ರಸ್ತೆಯಿದೆ, ದಿನ ಬಿಟ್ಟು ದಿನ ನೀರಿನ ಲಾರಿ ಅದರಲ್ಲಿ ಬಂದು ಬೀದಿಯವರ ಡ್ರಮ್ಮು ತುಂಬಿಸಿ ಹೋಗುತ್ತಿತ್ತು. ನಲ್ಲಿ ಇದ್ದರೂ ಲಾರಿಯೇ ಆ ಬೀದಿಯ ಜೀವ. ಹನ್ನೊಂದೂ ಬೀದಿಗಳಿಗೆ ನೀರು ಬಿಡುವ ವಾಲ್ವು ಒಂದೇ, ಅದು ಗುಡ್ಡದ ಬುಡದಲ್ಲಿದೆ. ಅದನ್ನು ತಿರುಗಿಸುವವರು ವಾಲ್ವಣ್ಣ. ಮೂವತ್ತು ವರ್ಷದಿಂದ ಬೆಳಿಗ್ಗೆ ಆರಕ್ಕೆ ತೆಗೆದು ಹತ್ತಕ್ಕೆ ಮುಚ್ಚುತ್ತಾ ಬಂದವರು, ಮಾತು ಕಡಿಮೆ.

ಡ್ಯಾಶ್‌ಬೋರ್ಡ್ ಎನ್ನುವುದು ನಮ್ಮ ಆಫೀಸಿಗೆ ಕಾಲಿಟ್ಟದ್ದು ನನ್ನಿಂದಲೇ. ಹಳೆಯ ಪುಸ್ತಕಗಳನ್ನೆಲ್ಲ ಕಟ್ಟಿಟ್ಟು, ವಾಲ್ವಿನವರ ಕೈಗೆ ಒಂದೊಂದು ಮೊಬೈಲು ಕೊಟ್ಟು, ಅವರು ಒತ್ತಿದ ಸಮಯ ನೇರವಾಗಿ ಪರದೆಗೆ ಬರುವ ಹಾಗೆ ಮಾಡಿದೆ. ಸಭೆಯ ಕೋಣೆಯ ಗೋಡೆಗೆ ದೊಡ್ಡ ಟಿವಿ ಬಂತು. ಎಡಗಡೆ ಯಾವ ಬೀದಿಗೆ ಎಷ್ಟು ಗಂಟೆ ನೀರು ಎಂಬ ಕಂಬಗಳು, ಬಲಗಡೆ ಎಷ್ಟು ದೂರು ಎಂಬ ಗೆರೆ. ಎರಡನ್ನೂ ಪಕ್ಕಪಕ್ಕದಲ್ಲಿ ನೋಡಿದರೆ ಎಂಥವನಿಗೂ ಒಂದು ಅನುಮಾನ ಬರಬೇಕು: ನಾಲ್ಕು ಗಂಟೆ ನೀರು ಸಿಗುವ ಬೀದಿಯವರು ದಿನಕ್ಕೆ ಮೂವತ್ತು ಸಲ ಯಾಕೆ ಫೋನು ಮಾಡುತ್ತಾರೆ?

ಸಾಹೇಬರಿಗೂ ಆ ಅನುಮಾನ ಬಂದಿರಬೇಕು. ಮೂರನೇ ದಿನ ನನ್ನನ್ನು ಕರೆದು, “ಇದನ್ನು ನಮಗೆ ಬೇಕಾದ ಹಾಗೆ ಬದಲಾಯಿಸಿಕೊಳ್ಳೋ ಅನುಕೂಲ ಇದೆಯಾ?” ಎಂದು ಕೇಳಿದರು.

“ಇದೆ ಸಾರ್. ಮೂಲೆಯಲ್ಲಿರೋ ಪೆನ್ಸಿಲ್ ಒತ್ತಿದ್ರೆ ಸಾಕು. ಕಂಬ ಬೇಕಾ, ಗೆರೆ ಬೇಕಾ, ಯಾವ ತಿಂಗಳು, ಯಾವ ಬಣ್ಣ, ಎಲ್ಲ ನಿಮ್ಮಿಷ್ಟ. ಬೇಡದ್ದನ್ನ ತೆಗೆದೂ ಬಿಡಬಹುದು.”

“ಬಹಳ ಒಳ್ಳೇದು. ನಾಲ್ವರು ಅಧಿಕಾರಿಗಳಿಗೆ ಕೊಡಿ. ಉಳಿದವರಿಗೆ ನೋಡಲು ಮಾತ್ರ ಇರಲಿ. ಎಲ್ಲರೂ ಕೈಯಾಡಿಸಿದ್ರೆ ಗೊಂದಲ.”

ನಾನು ತಲೆಯಾಡಿಸಿದೆ. ಸಾಹೇಬರು ಪೆನ್ಸಿಲು ಒತ್ತಿ ಮಾಡಿದ ಮೊದಲ ಕೆಲಸ, ದೂರಿನ ಗೆರೆಯನ್ನು ತೆಗೆದುಹಾಕಿದ್ದು. “ನೋಟ ಕೆಡಿಸುತ್ತೆ” ಎಂದರು. ಎರಡನೆಯದು, ನೀರಿನ ಕಂಬಗಳನ್ನು ದಪ್ಪ ಮಾಡಿ ಹಸಿರು ಬಳಿದದ್ದು. ಗೋಡೆಯ ಮೇಲೆ ಕಾಣುತ್ತಿದ್ದದ್ದು ಅವರ ನೋಟ. ಅಂದರೆ ಹತ್ತೊಂಬತ್ತು ವರ್ಷ ಬೈಗುಳ ತಿಂದು ಬರೆದಿಟ್ಟ ಹೆಂಗಸಿನ ಕೆಲಸ ಒಂದು ಬೆರಳಿನ ಒತ್ತಿಗೆ ಮಾಯವಾಯಿತು. ನೀರು ಕುಡಿದಷ್ಟು ಸುಲಭವಾಗಿ. ನಾನು ಪಕ್ಕದಲ್ಲೇ ನಿಂತಿದ್ದೆ.

ಹದಿನೈದು ದಿನ ಕಳೆದಿರಲಿಲ್ಲ, ಸಭೆಯ ಟಿಪ್ಪಣಿ ಕೆಳಗೆ ಬಂತು. ಮೇಲಿನ ಬೀದಿಗೆ ದಿನಕ್ಕೆ ನಾಲ್ಕು ಗಂಟೆ ನಲ್ಲಿ ನೀರು ಸಿಗುತ್ತಿರುವುದು ಡ್ಯಾಶ್‌ಬೋರ್ಡಿನಿಂದ ಸ್ಪಷ್ಟವಾಗಿರುವುದರಿಂದ ಬರುವ ತಿಂಗಳ ಒಂದರಿಂದ ಲಾರಿ ನಿಲ್ಲಿಸತಕ್ಕದ್ದು. ನಡುವೆ ಇನ್ನೊಂದು ಸಭೆಯಿದೆ. ಆಕ್ಷೇಪವಿದ್ದರೆ ಅಲ್ಲಿ ಹೇಳಬಹುದು.

ಫೋನಕ್ಕ ಆ ಕಾಗದ ಹಿಡಿದುಕೊಂಡು ನನ್ನ ಗೂಡಿಗೆ ಬಂದಳು. ಓಡಿ ಬಂದವಳಲ್ಲ, ಮೆಟ್ಟಿಲು ಹತ್ತಿ ಅಭ್ಯಾಸವಿದ್ದವಳು. ಆದರೂ ಏದುಸಿರು ಬಿಡುತ್ತಿದ್ದಳು.

“ಮೇಷ್ಟ್ರೇ, ನಂಗೂ ಆ ಪೆನ್ಸಿಲ್ ಕೊಡು.”

“ಅಕ್ಕಾ, ಅದು ಅಧಿಕಾರಿಗಳಿಗೆ ಮಾತ್ರ. ನಿಯಮ.”

“ಯಾರು ಮಾಡಿದ ನಿಯಮ?”

“ಸಾಹೇಬರು ಹೇಳಿದ್ದು.”

“ಅವರು ಹೇಳಿದ್ದು. ನೀನು ಮಾಡಿದ್ದು. ಹೌದಾ ಅಲ್ವಾ?”

ನಾನು ಕೀಬೋರ್ಡಿನ ಮೇಲಿನ ಧೂಳು ಒರೆಸಿದೆ.

“ನೋಡು, ನಾನು ನಿನ್ನ ಅಂಕಿ ಬದಲಾಯಿಸ್ತೀನಿ ಅಂತ ಹೇಳ್ತಾ ಇಲ್ಲ. ನಾನೇ ಬರೆದಿರೋ ದೂರುಗಳನ್ನ ನಂಗೆ ಬೇಕಾದ ಹಾಗೆ ಜೋಡಿಸಿ ನೋಡ್ಬೇಕು. ಅಷ್ಟಕ್ಕೂ ಗತಿ ಇಲ್ವಾ ನಂಗೆ? ನಿಮ್ಮ ಸಾಹೇಬರು ಬಣ್ಣ ಬಳ್ಕೊಂಡು ಕೂರಬಹುದು, ನಾನು ಮಾತ್ರ ಕಣ್ಣು ಬಿಟ್ಕೊಂಡು ನೋಡ್ತಾ ಕೂರಬೇಕು.”

“ಚಾರ್ಟ್‌ನಲ್ಲಿ ನಾಲ್ಕು ಗಂಟೆ ಅಂತ ಇದೆಯಲ್ಲಕ್ಕಾ” ಎಂದುಬಿಟ್ಟೆ. ಆ ಮಾತು ಈಗ ನೆನಪಾದರೂ ನಾಲಿಗೆ ಕಚ್ಚಿಕೊಳ್ಳುತ್ತೇನೆ.

ಅವಳು ಕಾಗದ ಮಡಚಿದಳು. “ನಾಳೆ ನಂಗೆ ರಜ. ಬೆಳಿಗ್ಗೆ ಆರು ಗಂಟೆಗೆ ನಮ್ಮನೆಗೆ ಬಾ. ನಿನ್ನ ನಾಲ್ಕು ಗಂಟೆ ನೋಡ್ಕೊಂಡು ಹೋಗು.”

ಹೋದೆ. ಎರಡು ಕೋಣೆಯ ಮನೆ. ಮುಂದಿನ ಕೋಣೆಯ ಕಿಟಕಿಗೆ ಒತ್ತಿ ಹೊಲಿಗೆ ಯಂತ್ರ, ಅದರ ಹಿಂದೆ ದರ್ಜಿ. ನನ್ನ ಅಂಗಿಯ ಕಾಲರನ್ನು ನೋಡಿ ಮುಖ ಸಿಂಡರಿಸಿದರು. ಒಳಗೆ ಅಡುಗೆಯ ಜಾಗ, ಎರಡು ನೀಲಿ ಡ್ರಮ್ಮು, ಸಾಲಾಗಿ ಏಳು ಬಕೆಟ್ಟು. ನಲ್ಲಿಯ ಪಕ್ಕ ಒಂದು ಕುರ್ಚಿ ಹಾಕಿಕೊಂಡು ಫೋನಕ್ಕನ ಅತ್ತೆ ಕೂತಿದ್ದರು. ಮಂಡಿ ಹಿಡಿದುಕೊಂಡ ಮುದುಕಿ, ಬಾಯಿಗೆ ಮಾತ್ರ ಯಾವ ಹಿಡಿತವೂ ಇಲ್ಲ.

“ಇವನೇನಾ ಗೋಡೆ ಮೇಲೆ ನೀರು ಬಿಡೋನು?” ಎಂದು ಸೊಸೆಯನ್ನು ಕೇಳಿದರು.

“ಇವನೇ ಅತ್ತೆ.”

“ಕೂತ್ಕೊಳಪ್ಪಾ. ಹೊತ್ತಿದೆ.”

ಆರಕ್ಕೆ ವಾಲ್ವು ತೆರೆದ ಸಂದೇಶ ನನ್ನ ಮೊಬೈಲಿಗೆ ಬಂತು. ನಲ್ಲಿ ತಿರುಗಿಸಿದೆವು. ಗಾಳಿಯೂ ಇಲ್ಲ. ಏಳಾಯಿತು, ಎಂಟಾಯಿತು. ಕೆಳಗಿನ ಬೀದಿಗಳಲ್ಲಿ ಗಾಡಿ ತೊಳೆಯುತ್ತಿರುವುದು ಕಿಟಕಿಯಿಂದ ಕಾಣುತ್ತಿತ್ತು. ಕೆಳಗಿನವರ ತೊಟ್ಟಿಗಳೆಲ್ಲ ತುಂಬಿ ಅವರು ನಲ್ಲಿ ಮುಚ್ಚುವವರೆಗೆ ಮೇಲಕ್ಕೆ ನೀರು ಏರುವುದಿಲ್ಲ. ಇದನ್ನು ಹೇಳಿಕೊಡಲು ಪುಸ್ತಕ ಬೇಡ. ಒಂಬತ್ತು ಗಂಟೆ ಹನ್ನೆರಡು ನಿಮಿಷಕ್ಕೆ ನಲ್ಲಿ ಬುಸ್ ಎಂದಿತು. ಒಂಬತ್ತು ಇಪ್ಪತ್ತಕ್ಕೆ ಬೆರಳಿನಷ್ಟು ದಪ್ಪದ ನೀರು ಬಂತು. ದರ್ಜಿ ಯಂತ್ರ ಬಿಟ್ಟೆದ್ದು ಬಕೆಟ್ಟು ಹಿಡಿದರು, ಫೋನಕ್ಕ ಡ್ರಮ್ಮಿಗೆ ಸುರಿದಳು. ಹತ್ತು ಗಂಟೆಗೆ ನಿಂತುಹೋಯಿತು. ಒಂದು ಡ್ರಮ್ಮು ಅರ್ಧವಾಗಿತ್ತು. ಬಕೆಟ್ಟುಗಳಲ್ಲಿ ನಾಲ್ಕು ಖಾಲಿ. ನನ್ನ ಪರದೆಯಲ್ಲಿ ಈ ಬೀದಿಗೆ ನಾಲ್ಕು ಗಂಟೆಯ ಹಸಿರು ಕಂಬ ಎದ್ದು ನಿಂತಿತ್ತು.

“ಮುಂಚೆ ಹೀಗಿರ್ಲಿಲ್ಲ,” ಎಂದರು ಅತ್ತೆ. “ಮುಂಚೆ ಆ ವಾಲ್ವು ಬಿಡೋನು ಮೆಟ್ಲು ಹತ್ಕೊಂಡು ಬರೋನು. ಅಮ್ಮಾ, ಎಷ್ಟೊತ್ತಿಗೆ ಬಂತು ಅಂತ ಕೇಳೋನು. ನಾನು ಹೇಳ್ತಿದ್ದೆ, ಬರ್ಕೊಳ್ತಿದ್ದ. ಈಗ ಅವನೂ ಬರಲ್ಲ. ಮೊಬೈಲಿನಲ್ಲಿ ಅದಕ್ಕೆ ಜಾಗ ಇಲ್ವಂತೆ.”

ಆ ಜಾಗ ಯಾವುದೆಂದು ನನಗೆ ಗೊತ್ತಿತ್ತು. ಹಳೆಯ ಪುಸ್ತಕದಲ್ಲಿ ಮೂರು ಕಾಲಂ ಇದ್ದವು: ವಾಲ್ವು ತೆರೆದದ್ದು, ಕೊನೆಯ ಮನೆಗೆ ನೀರು ಮುಟ್ಟಿದ್ದು, ಮುಚ್ಚಿದ್ದು. ನಡುವಿನ ಕಾಲಂ ತಿಂಗಳಿನ ಅರ್ಧದಷ್ಟು ದಿನ ಖಾಲಿ ಇರುತ್ತಿತ್ತು. ಖಾಲಿ ಇದ್ದರೆ ಗ್ರಾಫು ಮುರಿದ ಹಲ್ಲಿನಂತೆ ಕಾಣುತ್ತಿತ್ತು. ಅಂದ ಕೆಡುತ್ತದೆ ಎಂದು ನಾನೇ ಅದನ್ನು ಕಿತ್ತುಹಾಕಿದ್ದೆ. ಅಲ್ಲಿಂದಾಚೆಗೆ ವಾಲ್ವಿನ ಕೀಲಿ ತಿರುಗಿಸಿದ ಹೊತ್ತೇ ನೀರು ಬಂದ ಹೊತ್ತಾಯಿತು. ಸಾಹೇಬರು ಬಳಿದದ್ದು ಬರೀ ಬಣ್ಣ. ಸುಳ್ಳನ್ನು ಕಟ್ಟಿ ಕೊಟ್ಟವನು ನಾನು. ಅದನ್ನು ಅಲ್ಲೇ ಮೂವರಿಗೂ ಹೇಳಿದೆ. ಅತ್ತೆ ಸೊಸೆಯ ಕಡೆ ತಿರುಗಿ, “ಇವನಿಗೆ ಕುಡಿಯೋಕೆ ನೀರು ಕೊಡ್ಬೇಡ. ಕೆಳಗೆ ಇಳಿದು ಕುಡೀಲಿ” ಎಂದರು. ತಮಾಷೆಗೆ ಹೇಳಿದ್ದಲ್ಲ. ಫೋನಕ್ಕನೂ ಕೊಡಲಿಲ್ಲ.

ಆವತ್ತು ಮಧ್ಯಾಹ್ನ ಯಾರನ್ನೂ ಕೇಳದೆ ಆಫೀಸಿನ ಅರವತ್ತು ಜನಕ್ಕೂ ಪೆನ್ಸಿಲು ಕೊಟ್ಟುಬಿಟ್ಟೆ. ವಾರದೊಳಗೆ ಹುಚ್ಚರ ಸಂತೆಯಾಯಿತು. ಉಗ್ರಾಣದವನು ತನ್ನ ಕಂಬಗಳಿಗೆಲ್ಲ ನೇರಳೆ ಬಣ್ಣ ಹಾಕಿಕೊಂಡ. ಜವಾನನ ಪರದೆಯಲ್ಲಿ ಒಂದೇ ಗ್ರಾಫು ಉಳಿಯಿತು, ಯಾವ ಅಧಿಕಾರಿ ಎಷ್ಟು ಸಲ ಸಭೆಗೆ ತಡವಾಗಿ ಬಂದರು ಎಂದು ಅವನೇ ಎಣಿಸಿಟ್ಟದ್ದು. ಸಾಹೇಬರಿಗೆ ತಿಳಿದಾಗ ನನ್ನ ಕೆಲಸ ಹೋಯಿತು ಎಂದುಕೊಂಡೆ. ಅವರು ನಕ್ಕರು. “ಮಾಡಿಕೊಳ್ಳಲಿ ಬಿಡಿ. ಅವರವರ ನೋಟ ಅವರವರಿಗೆ. ಗೋಡೆ ಮೇಲೆ ಹೇಗೂ ನಮ್ಮದೇ ಇರುತ್ತಲ್ಲ.” ಆ ನಗೆಯ ಅರ್ಥ ನನಗೆ ಆಗ ಆಗಲಿಲ್ಲ.

ಫೋನಕ್ಕ ಬಣ್ಣ ಮುಟ್ಟಲಿಲ್ಲ. ಮೂರು ದಿನ ಪಾಳಿ ಮುಗಿದ ಮೇಲೆ ಕೂತು, ಮೌಸನ್ನು ಇಸ್ತ್ರಿಪೆಟ್ಟಿಗೆಯಂತೆ ಬಿಗಿಯಾಗಿ ಹಿಡಿದುಕೊಂಡು ಒಂದೇ ಒಂದು ಚಿತ್ರ ಮಾಡಿದಳು. ಬೀದಿಗಳನ್ನು ನಾನು ಅಕ್ಷರದ ಕ್ರಮದಲ್ಲಿ ಇಟ್ಟಿದ್ದೆ. ಅವಳು ಗುಡ್ಡದ ಕ್ರಮದಲ್ಲಿಟ್ಟಳು, ಬುಡದ ಬೀದಿ ಕೆಳಗೆ, ತನ್ನದು ಎಲ್ಲಕ್ಕಿಂತ ಮೇಲೆ. ಅಡ್ಡಕ್ಕೆ ಆರರಿಂದ ಹತ್ತು ಗಂಟೆ. ಪ್ರತಿ ದೂರಿಗೆ ಒಂದು ಚುಕ್ಕೆ. ಕೆಳಗಿನ ಬೀದಿಯಲ್ಲಿ ಆರೂಕಾಲಿಗೇ ಚುಕ್ಕೆ ಮುಗಿದುಹೋಗುತ್ತಿತ್ತು. ಒಂದೊಂದು ಬೀದಿ ಏರಿದಂತೆ ಚುಕ್ಕೆಗಳು ಬಲಕ್ಕೆ ಸರಿಯುತ್ತಾ ಹೋಗಿ, ಮೇಲಿನ ಬೀದಿಯಲ್ಲಿ ಒಂಬತ್ತು ಇಪ್ಪತ್ತರವರೆಗೆ ಕಪ್ಪಗೆ ಮುತ್ತಿಕೊಂಡು ಅಲ್ಲಿಗೆ ತಟ್ಟನೆ ನಿಲ್ಲುತ್ತಿದ್ದವು.

“ನೀರು ಬಂತು ಅಂತ ಹೇಳೋಕೆ ಯಾರೂ ಫೋನ್ ಮಾಡಲ್ಲ,” ಎಂದಳು. “ಸುಮ್ಮನಾಗ್ತಾರೆ. ಯಾವಾಗ ಸುಮ್ಮನಾದ್ರು ನೋಡು, ಆವಾಗ ನೀರು ಬಂತು ಅಂತ.”

ನನ್ನ ಕಾಲಂ ಇಲ್ಲದೆಯೂ ಅವಳು ನೀರು ಮುಟ್ಟಿದ ಹೊತ್ತನ್ನು ಹಿಡಿದಿದ್ದಳು. ನಾನು ಎರಡು ಪದವಿ ಮಾಡಿಕೊಂಡವನು. ನಾಚಿಕೆಯಾಯಿತು.

ಸಭೆಯಲ್ಲಿ ಆ ಚಿತ್ರವನ್ನು ಗೋಡೆಗೆ ಹಾಕಿದೆ. ಫೋನಕ್ಕ ಎದ್ದು ನಿಂತು ಐದೇ ಮಾತಿನಲ್ಲಿ ಹೇಳಿದಳು. ವಾಲ್ವಣ್ಣನನ್ನೂ ಕರೆಸಿದ್ದೆವು. ಅವರು ಟೋಪಿ ಕೈಯಲ್ಲಿ ಹಿಡಿದುಕೊಂಡು, “ನಾನು ಬರಿಯೋದು ಕೀಲಿ ತಿರುಗಿಸಿದ ಟೈಮು ಸಾರ್. ನೀರು ಮೇಲೆ ಮುಟ್ಟಿದ ಟೈಮಲ್ಲ. ಅದನ್ನ ಬರಿಯೋಕೆ ಮೊಬೈಲಿನಲ್ಲಿ ಜಾಗ ಇಲ್ಲ” ಎಂದರು. ಅದನ್ನು ತೆಗೆದವನು ನಾನು ಎಂದು ನಾನೂ ಹೇಳಿದೆ. 

ಸಾಹೇಬರು ಚಿತ್ರವನ್ನು ಮೆಚ್ಚಿಕೊಂಡವರಂತೆ ತಲೆದೂಗಿದರು. “ಬಹಳ ಚೆನ್ನಾಗಿದೆ. ನಮ್ಮ ಸಿಬ್ಬಂದಿ ಇಷ್ಟು ಆಸಕ್ತಿ ತಗೊಂಡಿದ್ದು ಸಂತೋಷ. ಇದು ಅವರ ನೋಟ. ನಮ್ಮದು ಬೇರೆ ನೋಟ. ಎಲ್ಲ ನೋಟಕ್ಕೂ ಗೌರವ ಇದೆ. ಲಾರಿ ವಿಷಯ ಹಿಂದಿನ ಸಭೆಯಲ್ಲೇ ತೀರ್ಮಾನ ಆಗಿದೆ.” ಪೆನ್ಸಿಲು ಒತ್ತಿ ತಮ್ಮ ಹಸಿರು ಕಂಬಗಳನ್ನು ಗೋಡೆಗೆ ತಂದುಕೊಂಡರು.

ಆಗ ಗೊತ್ತಾಯಿತು ನನಗೆ ಆ ನಗೆ ಏನೆಂದು. ಎಲ್ಲರ ಕೈಗೂ ಒಂದೊಂದು ನೋಟ ಕೊಟ್ಟುಬಿಟ್ಟರೆ ಯಾರ ಮಾತಿಗೂ ಉತ್ತರ ಕೊಡುವ ಕಷ್ಟವಿಲ್ಲ. ಮುದುಕಿಯ ಖಾಲಿ ಬಕೆಟ್ಟೂ ಒಂದು ನೋಟ, ಉಗ್ರಾಣದವನ ನೇರಳೆ ಬಣ್ಣವೂ ಒಂದು ನೋಟ. ಎಷ್ಟು ನಯವಾಗಿ ಕೈ ತೊಳೆದುಕೊಂಡರು ಎಂದರೆ ನನಗೆ ಕುರ್ಚಿ ಎತ್ತಿ ಆ ಟಿವಿಗೆ ಬೀಸಬೇಕೆನಿಸಿತು.

ಫೋನಕ್ಕ ಬಾಗಿಲಲ್ಲಿ ನಿಂತು, “ಆಯ್ತು ಸಾರ್. ನಿಮ್ಮ ನೋಟದಲ್ಲಿ ನೀರಿದೆಯಲ್ಲ, ನಾಳೆಯಿಂದ ನಮ್ಮ ಬೀದಿಯೋರು ಬಕೆಟ್ ಹಿಡ್ಕೊಂಡು ಅದರ ಕೆಳಗೇ ನಿಲ್ತಾರೆ” ಎಂದಳು. ಟಿಪ್ಪಣಿಯಲ್ಲಿ ಆ ಮಾತು ಬರಲಿಲ್ಲ.

ಒಂದನೇ ತಾರೀಖು ಲಾರಿ ನಿಂತಿತು. ಆವತ್ತೇ ನಾನು ಮೊಬೈಲಿಗೆ ನಡುವಿನ ಕಾಲಂ ವಾಪಸು ಹಾಕಿದೆ. ಲೆಕ್ಕದ ಸೂತ್ರವನ್ನೂ ಬದಲಿಸಿದೆ: ನೀರು ಮುಟ್ಟಿದ ಹೊತ್ತಿನಿಂದ ಮುಚ್ಚಿದ ಹೊತ್ತಿನವರೆಗೆ, ಅಷ್ಟೇ ನೀರು. ಅದು ನನ್ನ ಮೇಜಿನ ಕೆಲಸ, ಯಾರನ್ನೂ ಕೇಳಬೇಕಾಗಿರಲಿಲ್ಲ; ಮೊದಲೇ ಮಾಡಬಹುದಿತ್ತು. ಆದರೆ ತುಂಬುವವರು ಯಾರು? ವಾಲ್ವಣ್ಣನಿಗೆ ಈಗ ಐದು ವಾಲ್ವು, ತೊಂಬತ್ತಾರು ಮೆಟ್ಟಿಲು ಹತ್ತಿ ಇಳಿಯಲು ಪುರುಸೊತ್ತಿಲ್ಲ.

ಮರುದಿನ ಬೆಳಿಗ್ಗೆ ಒಂಬತ್ತು ಇಪ್ಪತ್ತೊಂದಕ್ಕೆ ಫೋನು ಕೋಣೆಯಲ್ಲಿ ಗಂಟೆ ಹೊಡೆಯಿತು. ನಾನು ಅಲ್ಲೇ ಇದ್ದೆ. ಆ ಕಡೆಯ ದನಿ ಕೋಣೆಗೆಲ್ಲ ಕೇಳುವಷ್ಟು ಜೋರಾಗಿತ್ತು.

“ಬರ್ಕೊ. ಈಗ ಬಂತು.”

“ಅತ್ತೆ? ಮನೇಲಿ ಏನಾಯ್ತು?”

“ಮನೆ ವಿಷಯ ಮನೇಲಿ. ಇದು ಆಫೀಸು ವಿಷಯ. ಒಂಬತ್ತು ಇಪ್ಪತ್ತೊಂದು. ವಾಲ್ವು ಬಿಡೋನ ಹತ್ರ ಹೇಳಿ ಆ ಜಾಗದಲ್ಲಿ ಹಾಕ್ಸು.”

ಅಂದಿನಿಂದ ದಿನವೂ ಅದೇ. ಮುದುಕಿ ನಲ್ಲಿಯ ಪಕ್ಕದಿಂದ ಹೊತ್ತು ಹೇಳುವುದು, ಫೋನಕ್ಕ ಬರೆಯುವುದು, ವಾಲ್ವಣ್ಣ ಒತ್ತುವುದು. ಮೇಲಿನ ಬೀದಿಯ ಕಂಬ ನಲವತ್ತು ನಿಮಿಷಕ್ಕೆ ಕುಸಿದು ಬಿತ್ತು. ಅದು ಎಲ್ಲರ ಪರದೆಯಲ್ಲೂ ಕುಸಿಯಿತು, ಸಾಹೇಬರದರಲ್ಲೂ. ಅವರು ಬಣ್ಣ ಬದಲಾಯಿಸಿ ನೋಡಿದರು, ಕಂಬವನ್ನು ಗೆರೆ ಮಾಡಿ ನೋಡಿದರು. ನಲವತ್ತು ನಿಮಿಷ ನಲವತ್ತು ನಿಮಿಷವೇ ಆಗಿತ್ತು. ಆದರೂ ಲಾರಿ ಬಿಡಲಿಲ್ಲ. “ಒಂದಷ್ಟು ದಿನ ಅಧ್ಯಯನ ಮಾಡೋಣ” ಎಂದರು. ಅಧ್ಯಯನ ನಡೆಯುತ್ತಿದ್ದಷ್ಟು ದಿನವೂ ಆ ಬೀದಿಯವರು ಬುಡದ ಬೀದಿಯ ನಲ್ಲಿಗೆ ಇಳಿದು ಕ್ಯಾನುಗಳಲ್ಲಿ ನೀರು ಹೊತ್ತರು. ಹೆಂಡತಿ ಬೆಳಗಿನ ಪಾಳಿ, ತಾಯಿಗೆ ಮಂಡಿ ನೋವು. ಆ ಮನೆಯಲ್ಲಿ ಹೊರುವ ಕೆಲಸ ದರ್ಜಿಯದು.

ಒಂಬತ್ತನೇ ದಿನ ಅತ್ತೆಯ ಫೋನು ಎಂದಿನಂತೆ ಬಂತು.

“ಒಂಬತ್ತು ಹದಿನೆಂಟು. ಬರ್ಕೊಂಡ್ಯಾ?”

“ಬರ್ಕೊಂಡೆ ಅತ್ತೆ.”

“ಸರಿಯಾಗಿ ಬರ್ದಿದ್ದೀಯಾ ನೋಡು.”

“ಬರ್ದಿದ್ದೀನಿ. ಯಾಕೆ ದನಿ ಹಾಗಿದೆ?”

“ಬರೆದಾದ್ಮೇಲೆ ಹೇಳೋಣ ಅಂತಿದ್ದೆ. ನಿನ್ನ ಗಂಡ ಮೆಟ್ಲ ಮೇಲೆ ಬಿದ್ದ. ಕೈ ಮುರಿದಿದೆ ಮಗಳೇ. ಬಲಗೈ.”

ಎರಡು ಕಡೆ ಮುರಿದಿತ್ತು. ಮೂಳೆ ಕೂಡಿಕೊಂಡಿತು, ಬೆರಳುಗಳಿಗೆ ಹಿಂದಿನ ಹಿಡಿತ ಬರಲಿಲ್ಲ. ಈಗ ಅವರು ಕತ್ತರಿ ಹಿಡಿಯುವುದಿಲ್ಲ. ಬೇರೆಯವರು ಕತ್ತರಿಸಿಕೊಟ್ಟ ಬಟ್ಟೆಗೆ ಯಂತ್ರ ಓಡಿಸುತ್ತಾರೆ, ಅದೂ ನಿಧಾನವಾಗಿ. ಮೂವತ್ತು ವರ್ಷ ಒಂದು ಸಲವೂ ಅಳತೆ ತಪ್ಪದ ಕೈ ಅದು. ಒಂದು ಹಸಿರು ಕಂಬದ ಸಲುವಾಗಿ ಹೋಯಿತು.

ಹದಿನೇಳನೇ ದಿನ ಲಾರಿ ಬಂತು. ಯಾರೂ ಆದೇಶ ಹೊರಡಿಸಲಿಲ್ಲ, ಯಾರೂ ತಪ್ಪಾಯಿತು ಎನ್ನಲಿಲ್ಲ. ತನಿಖೆಯ ಸಮಿತಿಯೊಂದು ಬರುವುದಿತ್ತು, ಪರದೆಯ ಮೇಲೆ ಆ ನಲವತ್ತು ನಿಮಿಷ ಎದ್ದು ಕಾಣುತ್ತಿತ್ತು, ಅಷ್ಟೇ ಕಾರಣ.

ಸಮಿತಿ ಬಂದ ದಿನ ಸಭೆಯ ಕೋಣೆಯಲ್ಲಿ ಹೂದಾನಿ ಇಟ್ಟಿದ್ದರು. ಸಾಹೇಬರ ಭಾಷಣದ ಹೆಸರು, ‘ಸಿಬ್ಬಂದಿಯ ಕೈಗೆ ಡ್ಯಾಶ್‌ಬೋರ್ಡ್’. ಪ್ರತಿಯೊಬ್ಬ ನೌಕರನೂ ತನ್ನ ಗ್ರಾಫನ್ನು ತಾನೇ ರೂಪಿಸಿಕೊಳ್ಳುವ ಅವಕಾಶ ಕೊಟ್ಟದ್ದರಿಂದ ಮೇಲಿನ ಬೀದಿಯ ಕೊರತೆ ತಕ್ಷಣ ಬೆಳಕಿಗೆ ಬಂದು, ತಕ್ಷಣ ಲಾರಿಯ ವ್ಯವಸ್ಥೆ ಮಾಡಲಾಯಿತು ಎಂದರು. ಗೋಡೆಯ ಮೇಲೆ ಫೋನಕ್ಕನ ಗುಡ್ಡದ ಚಿತ್ರ, ಅದರ ಕೆಳಗೆ ಲಾರಿಯಿಂದ ಬೀದಿಗೆ ಸಿಕ್ಕ ನೀರಿನ ಕಂಬಗಳು. ಕಂಬಗಳು ಶುರುವಾಗುತ್ತಿದ್ದದ್ದು ಹದಿನೇಳನೇ ತಾರೀಖಿನಿಂದ. ಹಿಂದಿನ ದಿನ ಸಾಹೇಬರು ನನ್ನನ್ನು ಕರೆದು ಅಲ್ಲಿಂದ ಶುರು ಮಾಡಿ ಎಂದಿದ್ದರು. ಆಗುವುದಿಲ್ಲ ಸಾರ್ ಎಂದಿದ್ದೆ. ಪರವಾಗಿಲ್ಲ ಎಂದು ಪೆನ್ಸಿಲು ಒತ್ತಿ ತಾವೇ ಮಾಡಿಕೊಂಡಿದ್ದರು. ಆ ಹಕ್ಕು ಅವರಿಗಿತ್ತು.

ಸಮಿತಿಯವರು ಈ ಚಿತ್ರ ಮಾಡಿದವರು ಯಾರು ಎಂದು ಕೇಳಿದ್ದರಿಂದ ಫೋನಕ್ಕನನ್ನು ಕೆಳಗಿನಿಂದ ಕರೆಸಿದರು. ಅವಳು ಒಳಗೆ ಬಂದು ಗೋಡೆ ನೋಡಿದಳು. ಚಪ್ಪಾಳೆ ಬಿತ್ತು. ಸಾಹೇಬರು, “ಎರಡು ಮಾತು ಹೇಳಿ” ಎಂದರು.

ಅವಳು ಮೇಜಿನ ಹತ್ತಿರ ಹೋಗಿ ಸಾಹೇಬರ ಮುಂದಿದ್ದ ಮೌಸನ್ನು ಎಳೆದುಕೊಂಡಳು. ಶುರುವಿನ ತಾರೀಖಿನ ಮೇಲೆ ಒತ್ತಿ ಹಿಂದಕ್ಕೆ ಎಳೆದಳು, ಒಂದನೇ ತಾರೀಖಿನವರೆಗೆ. ಗೋಡೆಯ ಮೇಲೆ ಕಂಬಗಳೆಲ್ಲ ಬಲಕ್ಕೆ ಸರಿದು ಎಡಗಡೆ ಹದಿನಾರು ದಿನದ ಖಾಲಿ ಜಾಗ ತೆರೆದುಕೊಂಡಿತು.

“ಬೇಕಾದ ಹಾಗೆ ನೋಡೋ ಹಕ್ಕು ಕೊಡಿ ಅಂತ ಕೇಳಿದೋಳು ನಾನೇ,” ಎಂದಳು. ದನಿ ಏರಿಸಲಿಲ್ಲ, ದೂರು ಬರೆದುಕೊಳ್ಳುವಾಗಿನ ದನಿಯೇ. “ಆಗಿದ್ದನ್ನ ಇಲ್ದೇ ಇರೋ ಹಾಗೆ ಮಾಡೋ ಹಕ್ಕು ಯಾರಿಗೂ ಕೇಳಿರ್ಲಿಲ್ಲ. ಈ ಒಂಬತ್ತನೇ ದಿನ ನನ್ನ ಗಂಡ ನೀರು ಹೊತ್ಕೊಂಡು ಬರುವಾಗ ಬಿದ್ದದ್ದು. ಇನ್ನು ಅವರು ಕತ್ತರಿ ಹಿಡಿಯೋ ಹಾಗಿಲ್ಲ. ಸಾರ್, ನೀವು ಬೇಕಾದ ಬಣ್ಣ ಹಾಕ್ಕೊಳ್ಳಿ. ಈ ಹದಿನಾರು ದಿನ ಮಾತ್ರ ಗೋಡೆ ಮೇಲೆ ಇರ್ಲಿ.”

ಮೌಸನ್ನು ಸಾಹೇಬರ ಕೈಯ ಪಕ್ಕಕ್ಕೆ ವಾಪಸು ಇಟ್ಟು, ಫೋನು ಕಾಯುತ್ತಿದೆ ಎಂದು ಹೇಳಿ ಕೆಳಗೆ ಹೋದಳು. ಸಮಿತಿಯವರೆಲ್ಲ ಸಾಹೇಬರ ಕೈಯನ್ನೇ ನೋಡುತ್ತಿದ್ದರು. ಸಾಹೇಬರು ಮೌಸನ್ನು ಮುಟ್ಟಲಿಲ್ಲ.